ಹೊಲ ಅಡವಿಟ್ಟು ಅಮೆರಿಕಕ್ಕೆ ಹೋಗಲೇ?

ಪ್ರಶ್ನೆ: ನನಗೆ 27 ವರ್ಷ. ಗದಗ ಹತ್ತಿರದ ಖಾಸಗಿ ಪ್ರೌಢಶಾಲೆಯಲ್ಲಿ ಟೀಚರ್. ಬಿ.ಎ.ಯಲ್ಲಿ ಸೈಕಾಲಜಿ ಓದಿದ್ದೆ, ಬಿ.ಇಡಿ ಆಗಿದೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಸಂತೆ ಲೆಕ್ಕ ಬಾಯಲ್ಲೇ ಮಾಡುತ್ತಾನೆ. ಓದಲು ಕೊಟ್ಟರೆ 'ಪ', 'ವ' ಅದಲು ಬದಲಾಗುತ್ತವೆ. ಸ್ಟಾಫ್ ರೂಮಿನಲ್ಲಿ ಅವನಿಗೆ 'ದಡ್ಡ' ಅಂತಲೇ ಹೆಸರು. ಇಂಥ ಮಕ್ಕಳಿಗಾಗಿ ಶಾಲಾ ಮನಶ್ಶಾಸ್ತ್ರಜ್ಞೆ ಆಗುವ ಆಸೆ. ಹುಬ್ಬಳ್ಳಿಯ ಕನ್ಸಲ್ಟೆಂಟ್ ಒಬ್ಬರು ಅಮೆರಿಕದಲ್ಲಿ ಇದಕ್ಕೇ ಮೂರು ವರ್ಷದ ಕೋರ್ಸ್ ಇದೆ, ಎಲ್ಲ ಸೇರಿ 45 ಲಕ್ಷ ಎಂದರು. ಅಪ್ಪ 'ಹೊಲ ಇರೂದು ಯಾರ ಸಲುವಾಗಿ?' ಎಂದು ನಾಲ್ಕು ಎಕರೆ ಅಡವಿಡಲು ತಯಾರು. ಹೊಲ ಮಾಡುವ ತಮ್ಮ ಏನೂ ಅನ್ನಲಿಲ್ಲ. ಬೇಡವೆಂದರೆ ಅಪ್ಪನಿಗೆ ಬೇಜಾರು, ಹೋಗಲು ನನಗೆ ಭಯ. (ಪತ್ರ ಚಿಕ್ಕದು ಮಾಡಿದ್ದೇನೆ.)

ಉತ್ತರ: ಸದ್ಯಕ್ಕೆ ಹೊಲ ಅಡವಿಡಬೇಡಿ.

ಕನ್ಸಲ್ಟೆಂಟ್ ಸುಳ್ಳು ಹೇಳಿಲ್ಲ. ಅಲ್ಲಿ ಅಂಥ ಕೋರ್ಸ್ ಇದೆ. ಸಾಮಾನ್ಯವಾಗಿ ಮೂರು ವರ್ಷ, ಅದರಲ್ಲಿ 1,200 ಗಂಟೆ ಇಂಟರ್ನ್‌ಶಿಪ್, ಕನಿಷ್ಠ ಅರ್ಧ ಶಾಲೆಯಲ್ಲೇ. ಒಳ್ಳೆಯ ತರಬೇತಿ. ಆದರೆ ಅದು ತಯಾರು ಮಾಡುವುದು ಅಲ್ಲಿನ ಶಾಲೆಗಳಿಗೆ. ಅಲ್ಲಿನ ಕಾನೂನು, ಅಲ್ಲಿನ ರಾಜ್ಯದ ಲೈಸೆನ್ಸು, ಅಲ್ಲಿನ ಮಕ್ಕಳನ್ನು ಇಟ್ಟುಕೊಂಡು ಮಾಡಿದ ಟೆಸ್ಟುಗಳು. ಇಂಗ್ಲಿಷಿನ 26 ಅಕ್ಷರಕ್ಕೆ ಮಾಡಿದ ಅಳತೆ ನಮ್ಮ ಕಾಗುಣಿತಕ್ಕೂ ಒತ್ತಕ್ಷರಕ್ಕೂ ಹೊಂದುವುದಿಲ್ಲ. ಅಲ್ಲೇ ನೆಲೆಸುವ ಮನಸ್ಸಿದ್ದರೆ ಮಾತು ಬೇರೆ. ನಿಮ್ಮದು ನಾಲ್ಕು ಪುಟದ ಪತ್ರ. ಮೂರು ಪುಟ ಆ ಹುಡುಗನೇ ಇದ್ದಾನೆ, ಅಮೆರಿಕ ಬರುವುದು ಕೊನೆಗೆ. ಹೌದು ಅಲ್ವಾ?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ಸ್ನಾತಕೋತ್ತರ ಕೋರ್ಸ್ ಇದೆ. ಎರಡು ವರ್ಷ. ಗದಗದಿಂದ ದಿನಾ ಓಡಾಡುವ ಸಾಹಸ ಬೇಡ, ಪಿಜಿ ನೋಡಿಕೊಳ್ಳಿ. ಕೆಲಸ ಬಿಡದೆ ಇಗ್ನೋದಂಥ ಕಡೆ ದೂರಶಿಕ್ಷಣದಲ್ಲಿ ಸೈಕಾಲಜಿ ಎಂ.ಎ. ಮಾಡುವ ದಾರಿ ಮೊದಲು ಇತ್ತು, 2025ರಲ್ಲಿ ಯುಜಿಸಿ ಅದಕ್ಕೆ ಹೊಸ ಪ್ರವೇಶ ನಿಲ್ಲಿಸಿದೆ. ಎನ್‌ಸಿಇಆರ್‌ಟಿಯ ಒಂದು ವರ್ಷದ ಗೈಡೆನ್ಸ್ ಮತ್ತು ಕೌನ್ಸೆಲಿಂಗ್ ಡಿಪ್ಲೊಮಾವನ್ನೂ ವಿಚಾರಿಸಿ. ಅದು ನಿಮ್ಮಂಥ ಟೀಚರ್‌ಗಳಿಗೇ ಇರುವುದು. ಎಂ.ಎ. ಮುಗಿದ ಕೂಡಲೇ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಮಾತ್ರ ಹಾಕುವಂತಿಲ್ಲ, ಅದಕ್ಕೆ ಬೇರೆ ತರಬೇತಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು.

ಇಲ್ಲಿ ಕೆಲಸ ಸಿಗುತ್ತಾ? 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬರಾದರೂ ತರಬೇತಾದ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ನಮ್ಮ ಮ್ಯಾನೇಜ್‌ಮೆಂಟುಗಳು ನಾಳೆಯೇ ಕರೆದು ಕುರ್ಚಿ ಹಾಕುತ್ತವೆ ಎಂದು ನಾನು ನಂಬುವುದಿಲ್ಲ. ಕೌನ್ಸೆಲರ್ ಅಂತ ತೆಗೆದುಕೊಂಡು, ಯಾರೋ ರಜೆ ಹಾಕಿದ ಪಿರಿಯಡ್ಡಿಗೆ ಕಳಿಸುವವರೇ ಜಾಸ್ತಿ. ಸೇರುವಾಗಲೇ ಬಾಗಿಲು ಹಾಕಿಕೊಳ್ಳಲು ಬರುವ ಒಂದು ಕೋಣೆ ಕೇಳಿ.

ಈಗ ತಮ್ಮನ ವಿಷಯ. ಅವನು ಏನೂ ಅನ್ನಲಿಲ್ಲ ಎಂದು ನಾಲ್ಕು ಪುಟದಲ್ಲಿ ಎರಡು ಕಡೆ ಬರೆದಿದ್ದೀರಿ. ನಿಮಗೂ ಅದು ಚುಚ್ಚಿದೆ. ಬಿತ್ತಿ ಬೆಳೆಯುವವನು ಅವನು. ಅಪ್ಪ ಇಲ್ಲದ ಹೊತ್ತಲ್ಲಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ. ಊಟ ಆಗಲಿ, ಆಮೇಲೆ ಕೇಳಿ. ಕೇಳಿದ ಮೇಲೆ ಸುಮ್ನೆ ಕೂತಿರಿ. ನಾನೂ ಟೀಚರ್ ಆಗಿದ್ದವಳು. ಎರಡು ನಿಮಿಷ ಉತ್ತರ ಬರದಿದ್ದರೆ ನಾವೇ ಉತ್ತರ ಹೇಳಿಬಿಡುವ ಚಟ ನಮಗೆ.

ಅಪ್ಪನಿಗೆ 'ಬೇಡ' ಅನ್ನುವುದೇನೂ ಬೇಕಿಲ್ಲ. 'ಮೊದಲ ಧಾರವಾಡದಾಗ ಓದ್ತೀನ್ರೀ, ಅಮೆರಿಕಾ ಎಲ್ಲಿ ಓಡಿ ಹೊಕ್ಕೈತಿ' ಅನ್ನಿ, ಸಾಕು.

ಹುಡುಗ ಮಾತ್ರ ನಿಮ್ಮ ಕೋರ್ಸ್ ಮುಗಿಯುವವರೆಗೆ ಕಾಯಲಾರ. ಅವನ ತೊಂದರೆ ಇಂಥದ್ದೇ ಎಂದು ನೀವಾಗಲಿ ನಾನಾಗಲಿ ಹೇಳುವಂತಿಲ್ಲ. ಮೊದಲು ಕಣ್ಣು, ಕಿವಿ ತೋರಿಸಲಿ. ಆಮೇಲೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ. ಕಲಿಕೆಯ ನ್ಯೂನತೆ ಎಂದು ಪ್ರಮಾಣಪತ್ರ ಸಿಕ್ಕರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೇಳಬಹುದು, ಅದಕ್ಕೆ ಇನ್ನೂ ಟೈಮ್ ಇದೆ. 'ಹುಚ್ಚರ ದವಾಖಾನಿಗೆ ಯಾಕ್ರೀ ಟೀಚರ್' ಎಂದು ಅವರವ್ವ ಗಾಬರಿಯಾಗಬಹುದು. ಒಂದು ದಿನ ರಜೆ ಹಾಕಿ ನೀವೇ ಜೊತೆಗೆ ಹೋಗಿ. ಅವನ ಕನ್ನಡ ನೋಟ್‌ಬುಕ್ ಇಟ್ಟುಕೊಳ್ಳಿ. ನೀಟಾಗಿ ಕಾಪಿ ಮಾಡಿಸಿದ್ದಲ್ಲ, ಕೆಂಪು ಗೆರೆ ತುಂಬಿದ್ದು.