ಮೂರನೆಯ ಪದದ ತಕರಾರು

ಓದುಗರ ಪತ್ರ: ಮಗಳ ಶಾಲೆಯ ಕ್ವಿಜ್‌ನಲ್ಲಿ ಒಂದು ಪ್ರಶ್ನೆ ಮುದ್ರಿಸಿ ಕೊಟ್ಟಿದ್ದರು: ‘ಇಂಗ್ಲಿಷಿನಲ್ಲಿ ಜಿ-ಆರ್-ವೈ ಎಂದು ಮುಗಿಯುವ ಪದಗಳು ಮೂರು. ಆಂಗ್ರಿ, ಹಂಗ್ರಿ ಎರಡಾಯಿತು. ಮೂರನೆಯದು ಯಾವುದು?’ ಇವಳು ‘ಹ್ಯಾಂಗ್ರಿ’ ಎಂದು ಬರೆದಳು. ಸರಿಯುತ್ತರ ‘ಲ್ಯಾಂಗ್ವೇಜ್’ ಅಂತೆ, ಅಂಕ ಕೊಡಲಿಲ್ಲ. ಇದ್ಯಾವ ನ್ಯಾಯ ಸ್ವಾಮಿ?
— ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ: ಅಂಕ ನಿಮ್ಮ ಮಗಳಿಗೇ ಸಲ್ಲಬೇಕು.

ಈ ಪ್ರಶ್ನೆ ಇಂಗ್ಲಿಷ್ ಬಲ್ಲವರ ತಲೆ ತಿನ್ನಲು ಶುರುಮಾಡಿ ಐವತ್ತು ವರ್ಷವಾಯಿತು. 1975ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ರೇಡಿಯೊ ಕಾರ್ಯಕ್ರಮವೊಂದರಲ್ಲಿ ಇದು ಕೇಳಿಬಂತು. ಉತ್ತರ ಹೇಳಿ ಎಂದು ಜನ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರಿಗೆ ಕಾಗದ ಬರೆದರು. ಆಮೇಲೆ ಅಮೆರಿಕದ ಲೈಬ್ರರಿಗಳಿಗೂ ಇದರ ಕಾಟ ತಪ್ಪಲಿಲ್ಲ.

‘ಲ್ಯಾಂಗ್ವೇಜ್’ ಉತ್ತರ ಎಲ್ಲಿಂದ ಬಂತು? ಪ್ರಶ್ನೆಗೆ ಇನ್ನೊಂದು ರೂಪವಿದೆ. ‘ಜಿ-ಆರ್-ವೈ ಎಂದು ಮುಗಿಯುವ ಪದಗಳನ್ನು ನೆನೆಸಿಕೊಳ್ಳಿ. ಆಂಗ್ರಿ, ಹಂಗ್ರಿ ಎರಡು’ ಎಂದು ಹೇಳಿ, ಅಲ್ಲಿಗೆ ಮಾತು ಮುಗಿಸಿ, ಹೊಸದಾಗಿ ‘ದೇರ್ ಆರ್ ತ್ರೀ ವರ್ಡ್ಸ್ ಇನ್ ದಿ ಇಂಗ್ಲಿಷ್ ಲ್ಯಾಂಗ್ವೇಜ್. ಮೂರನೆಯದು ಯಾವುದು?’ ಎನ್ನುತ್ತಾರೆ. ‘ದಿ’, ‘ಇಂಗ್ಲಿಷ್’, ‘ಲ್ಯಾಂಗ್ವೇಜ್’: ಎಣಿಸಿ ನೋಡಿ, ಮೂರನೆಯದು ಲ್ಯಾಂಗ್ವೇಜ್! ‘ದಿ ಇಂಗ್ಲಿಷ್ ಲ್ಯಾಂಗ್ವೇಜ್’ ಸುತ್ತ ಇರಬೇಕಾದ ಉದ್ಧರಣ ಚಿಹ್ನೆ ಕಿವಿಗೆ ಕೇಳಿಸುವುದಿಲ್ಲವಲ್ಲ, ಕಿತಾಪತಿ ಇರುವುದೇ ಅಲ್ಲಿ. ಬಾಯಲ್ಲಿ ಹೇಳಿದರೆ ಮಾತ್ರ ನಡೆಯುವ ಆಟ ಇದು. ಆ ಎರಡು ಮಾತನ್ನು ಒಂದಾಗಿ ಹೊಸೆದು, ಅದೂ ಅಚ್ಚುಹಾಕಿಸಿ ಕೊಟ್ಟ ಮೇಲೆ ‘ಲ್ಯಾಂಗ್ವೇಜ್’ಗೆ ಅಲ್ಲಿ ಜಾಗವೇ ಇಲ್ಲ. ನಿಮ್ಮ ಮಗಳ ಪ್ರಶ್ನೆಪತ್ರಿಕೆಯಲ್ಲಿ ಆಗಿರುವುದು ಅದೇ.

ಇನ್ನೊಂದು ಉತ್ತರವೂ ಚಾಲ್ತಿಯಲ್ಲಿದೆ: ‘ವಾಟ್’. ಕೊನೆಯ ‘ವಾಟ್ ಈಸ್ ದಿ ಥರ್ಡ್ ವರ್ಡ್’ ಪ್ರಶ್ನೆಯಲ್ಲವಂತೆ, ‘ವಾಟ್’ ಎಂಬುದೇ ಮೂರನೆಯ ಪದ ಎಂಬ ಹೇಳಿಕೆಯಂತೆ! ನನಗಂತೂ ಇದು ಶುದ್ಧ ತಲೆಹರಟೆ. ‘ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ’ ಎಂಬ ಒಗಟಿಗೆ ಮೊಟ್ಟೆ ಎಂದಾಗ ಒಪ್ಪಿ ನಗುತ್ತೇವೆ. ಇಲ್ಲಿ ಉತ್ತರ ಕೇಳಿದ ಮೇಲೆ ಬರುವುದು ಸಿಟ್ಟು.

ಇನ್ನು ನಿಜವಾದ ಮೂರನೆಯ ಪದ. ಒಂದಲ್ಲ, ಹಲವಿವೆ. ‘ಆಗ್ರಿ’ ಎಂದರೆ ಘಾನಾ ಕಡೆ ಸಿಗುವ ಹಳೆಯ ಗಾಜಿನ ಮಣಿ. ‘ಪಗ್ರಿ’ಯಂತೂ ನಮ್ಮ ಪಗಡಿಯೇ: ಬಿಸಿಲಿಗೆಂದು ಟೋಪಿಯ ಸುತ್ತ ಸುತ್ತಿಕೊಳ್ಳುತ್ತಿದ್ದ ಬಟ್ಟೆಗೆ ಬ್ರಿಟಿಷರು ಹಿಂದಿಯಿಂದ ಎತ್ತಿಕೊಂಡ ಹೆಸರು. ಇವೆಲ್ಲ ದೊಡ್ಡ ನಿಘಂಟಿನ ಮೂಲೆಯ ಸರಕು, ದಿನಬಳಕೆಯವಲ್ಲ. ಹಸಿದು ಸಿಡಿಮಿಡಿಗೊಂಡವರಿಗೆ ಹೇಳುವ ‘ಹ್ಯಾಂಗ್ರಿ’ ಹಾಗಲ್ಲ, ಜನರ ಬಾಯಲ್ಲಿದೆ. 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೂ ಸೇರಿತು.

ಆ ನಿಘಂಟಿನ ಪುಟವನ್ನು ಪ್ರಿಂಟ್ ತೆಗೆಸಿ ಪ್ರಶ್ನೆಪತ್ರಿಕೆಯ ಜೊತೆ ಶಾಲೆಗೆ ಕಳಿಸಿ. ಜಗಳ ಬೇಡ. ಮರುಪರಿಶೀಲನೆಗೆ ಎಂದು ಎರಡು ಸಾಲು ಬರೆದರೆ ಸಾಕು.