ಊದಿದ್ರೆ ಶುಗರ್ ಗೊತ್ತಾಗುತ್ತಾ?

ಪ್ರಶ್ನೆ: ಬಾಯಿಂದ ಊದಿದ್ರೆ ಸಾಕು, ಶುಗರ್ ಎಷ್ಟಿದೆ, ಕಿಡ್ನಿ ಹೇಗಿದೆ ಎಲ್ಲಾ ಸೆನ್ಸರ್ ಹೇಳ್ಬಿಡುತ್ತೆ ಅಂತ ವಿಡಿಯೋದಲ್ಲಿ ನೋಡ್ದೆ ಸಾರ್. ಅಮ್ಮಂಗೆ ದಿನಾ ಬೆರಳು ಚುಚ್ಚೋದು ನೋಡೋಕಾಗ್ತಿಲ್ಲ. ಇದನ್ನ ನಂಬಬಹುದಾ?

ಉತ್ತರ: ದಯವಿಟ್ಟು ಬೆರಳು ಚುಚ್ಚಿ ನೋಡೋದನ್ನ ಇದನ್ನ ನಂಬಿ ನಿಲ್ಲಿಸ್ಬೇಡಿ. ಹಾಗಂತ ವಿಷಯ ಪೂರ್ತಿ ಸುಳ್ಳೂ ಅಲ್ಲ. ಇನ್ಸುಲಿನ್ ತೀರಾ ಕಮ್ಮಿ ಆದಾಗ ದೇಹ ಸಕ್ಕರೆ ಬಳಸೋಕಾಗದೆ ಕೊಬ್ಬು ಕರಗಿಸೋಕೆ ಶುರು ಮಾಡುತ್ತೆ, ಆಗ ಹುಟ್ಟೋ ಅಸಿಟೋನ್ ರಕ್ತದಿಂದ ಶ್ವಾಸಕೋಶಕ್ಕೆ ಬಂದು ಉಸಿರಲ್ಲಿ ಹೊರಗೆ ಬರುತ್ತೆ, ನೇಲ್ ಪಾಲಿಶ್ ರಿಮೂವರ್‌ದು ಒಂಥರಾ ವಾಸನೆ ಇರುತ್ತಲ್ಲ, ಅದೇ. ಕಿಡ್ನಿ ಕೈಕೊಟ್ರೆ ಅಮೋನಿಯಾ ಜಾಸ್ತಿ ಆಗುತ್ತೆ. 1971ರಲ್ಲೇ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ತಂಡದವರು ಉಸಿರಲ್ಲಿ ಸುಮಾರು 250 ರಾಸಾಯನಿಕ ಇದಾವೆ ಅಂತ ತೋರಿಸಿದ್ರು.

ತೊಂದ್ರೆ ಇರೋದು ಸೆನ್ಸರಲ್ಲಿ. ಕಮ್ಮಿ ಬೆಲೆಯವುಗಳಲ್ಲಿ ಟಿನ್ ಆಕ್ಸೈಡ್‌ದೊಂದು ತೆಳು ಪದರ ಇರುತ್ತೆ, ಅದನ್ನ 200ರಿಂದ 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿರ್ತಾರೆ, ಗಾಳಿಯ ಆಮ್ಲಜನಕ ಅದರ ಮೈಗೆ ಅಂಟ್ಕೊಂಡು ಎಲೆಕ್ಟ್ರಾನ್ ಹಿಡಿದಿಟ್ಕೊಳ್ಳುತ್ತೆ, ಕರೆಂಟ್ ಹರಿಯೋದು ಕಷ್ಟ ಆಗುತ್ತೆ. ಅಸಿಟೋನ್ ಬಂದು ಆ ಆಮ್ಲಜನಕದ ಜೊತೆ ಸೇರಿದ ತಕ್ಷಣ ಎಲೆಕ್ಟ್ರಾನ್ ವಾಪಸ್ ಸಿಗುತ್ತೆ, ರೆಸಿಸ್ಟೆನ್ಸ್ ಇಳಿಯುತ್ತೆ. ಆದ್ರೆ ಇಳಿಸಿದ್ದು ಅಸಿಟೋನೋ, ಕೈಗೆ ಹಚ್ಚಿದ ಸ್ಯಾನಿಟೈಸರ್‌ನ ಆಲ್ಕೋಹಾಲೋ, ಕರುಳಿಂದ ಬಂದ ಹೈಡ್ರೋಜನ್ನೋ ಅಂತ ಆ ಒಂದು ಸೆನ್ಸರ್‌ಗೆ ತಿಳಿಯಲ್ಲ, ಸಾಲದ್ದಕ್ಕೆ ಉಸಿರಲ್ಲಿರೋ ತೇವಾಂಶವೂ ರೀಡಿಂಗ್ ಕೆಡಿಸುತ್ತೆ. ಅದಕ್ಕೇ ಬೇರೆ ಬೇರೆ ಥರದ ಎಷ್ಟೋ ಸೆನ್ಸರ್ ಒಟ್ಟಿಗಿಟ್ಟು ಅವೆಲ್ಲ ಸೇರಿ ಕೊಡೋ ಪ್ಯಾಟರ್ನ್ ಓದೋ ಎಲೆಕ್ಟ್ರಾನಿಕ್ ಮೂಗು ಮಾಡ್ತಿದಾರೆ, ನನಗೆ ನಿಜಕ್ಕೂ ಭರವಸೆ ಇರೋದು ಇದರ ಮೇಲೆ. ಆದ್ರೂ ಉಪವಾಸ ಇದ್ರೆ, ಕೀಟೋ ಡಯಟ್ ಮಾಡಿದ್ರೆ ಶುಗರ್ ಇಲ್ಲದವರಿಗೂ ಅಸಿಟೋನ್ ಏರುತ್ತೆ. ಅಸಿಟೋನ್ ನೋಡಿ ಶುಗರ್ ಎಷ್ಟು ಅಂತ ಲೆಕ್ಕ ಹಾಕೋಕಾಗಲ್ಲ, ಅದನ್ನ ನೋಡಿ ಇನ್ಸುಲಿನ್ ಡೋಸ್ ನಿರ್ಧರಿಸೋದಂತೂ ಬೇಡವೇ ಬೇಡ.

ಡಾಕ್ಟರ್‌ಗಳು ಈಗಾಗ್ಲೇ ನಂಬೋ ಉಸಿರಿನ ಟೆಸ್ಟ್ ಕೂಡ ಇದಾವೆ. ಅಸ್ತಮಾಗೆ ನೈಟ್ರಿಕ್ ಆಕ್ಸೈಡ್ ಅಳೀತಾರೆ, ದೊಡ್ಡವರಲ್ಲಿ 50 ಪಿಪಿಬಿ (ಅಂದ್ರೆ ನೂರು ಕೋಟಿ ಭಾಗದಲ್ಲಿ 50 ಭಾಗ) ದಾಟಿದ್ರೆ ಜಾಸ್ತಿ ಅಂತ ಲೆಕ್ಕ. ಹೊಟ್ಟೆಯ ಎಚ್. ಪೈಲೋರಿ ಬ್ಯಾಕ್ಟೀರಿಯಾಗೆ ಯೂರಿಯಾ ಕುಡಿಸಿ ಊದಿಸ್ತಾರೆ.

ಅಮ್ಮಂಗೆ ಚುಚ್ಚೋದು ಕಮ್ಮಿ ಆಗ್ಬೇಕು ಅಂದ್ರೆ ತೋಳಿಗೆ ಅಂಟಿಸೋ ಸಿಜಿಎಂ (ಶುಗರ್‌ನ ತಾನೇ ಆಗಾಗ ಅಳೀತಾ ಇರೋ ಸಣ್ಣ ಸಾಧನ) ಬಗ್ಗೆ ಡಾಕ್ಟರ್ ಹತ್ರ ಕೇಳಿ, ಒಂದ್ಸಲ ಹಾಕಿದ್ರೆ ಎಷ್ಟೋ ದಿನ ಇರುತ್ತೆ. ಇನ್ನೊಂದು, ಅವರ ಉಸಿರಲ್ಲಿ ಹಣ್ಣಿನ ಥರ ವಾಸನೆ ಬಂದು ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ರೆ ಯಾವ ಮಷಿನ್‌ಗೂ ಕಾಯ್ಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.