ಒತ್ತಿನ ಮೇಲೆ ಬೀಳುವ ನೆರಳು

ಪ್ರಶ್ನೆ: ನಾನು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಬಯಲಾಟದ ಕರಪತ್ರಕ್ಕೂ ಬ್ರಹ್ಮಕಲಶೋತ್ಸವದ ಫ್ಲೆಕ್ಸಿಗೂ ಹಳೆಯ ಕಾಲದ ದಪ್ಪ, ಗುಂಡಗಿನ, ನೆರಳು ಸೇರಿಕೊಂಡೇ ಇರುವ ಅಕ್ಷರ ಬೇಕೆಂದು ಜನರು ಕೇಳುತ್ತಾರೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಬರುವ ನೆರಳು ಕನ್ನಡದಲ್ಲಿ ಕಲಸಿಹೋಗುತ್ತದೆ. ಮಲಯಾಳಕ್ಕೂ ಇಷ್ಟು ತೊಂದರೆಯಿಲ್ಲ. ಕಾರಣವೇನು?
– ಓದುಗರು, ಬದಿಯಡ್ಕ

ಉತ್ತರ: ತಪ್ಪು ತಮ್ಮ ಕೈಯದಲ್ಲ. ನೆರಳಿನ ಅಚ್ಚಕ್ಷರ ಹುಟ್ಟಿದ್ದೇ ಒಂದೇ ಸಾಲಿನಲ್ಲಿ ನಿಲ್ಲುವ ಲಿಪಿಗಾಗಿ. ಲಂಡನ್ನಿನ ಅಚ್ಚುಮೊಳೆ ತಯಾರಕ ವಿನ್ಸೆಂಟ್ ಫಿಗಿನ್ಸ್ 1815ರ ಹೊತ್ತಿಗೇ ಇಂತಹ ಅಕ್ಷರಗಳನ್ನು ತನ್ನ ಮಾದರಿ ಪುಸ್ತಕದಲ್ಲಿ ತೋರಿಸಿದ್ದ. 1930ರ ದಶಕದಲ್ಲಿ ಅಮೆರಿಕದ ರಾಬರ್ಟ್ ಹಂಟರ್ ಮಿಡಲ್‌ಟನ್ ರೂಪಿಸಿದ ‘ಅಂಬ್ರಾ’ ಎಂಬ ಅಚ್ಚಕ್ಷರದಲ್ಲಂತೂ ಅಕ್ಷರವನ್ನು ಬರೆದೇ ಇಲ್ಲ, ನೆರಳನ್ನು ನೋಡಿಯೇ ಕಣ್ಣು ಅಕ್ಷರವನ್ನು ತುಂಬಿಕೊಳ್ಳಬೇಕು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬುಡದ ಕೆಳಕ್ಕೆ ಇಳಿಯುವುದು ಸಾಮಾನ್ಯವಾಗಿ ಕ್ಯೂವಿನ ಬಾಲ ಮಾತ್ರ. ಆದ್ದರಿಂದ ಅಲ್ಲಿ ನೆರಳಿಗೆ ಬೇಕಾದಷ್ಟು ಜಾಗವಿದೆ.

ಇನ್ನು ತಮ್ಮ ‘ಬ್ರಹ್ಮಕಲಶೋತ್ಸವ’ವನ್ನೇ ನೋಡಿರಿ. ಏಳು ಅಕ್ಷರಗಳ ಪೈಕಿ ಬ್ರ, ಹ್ಮ, ತ್ಸ ಎಂಬ ಮೂರಕ್ಕೆ ಒತ್ತುಗಳಿವೆ, ಮತ್ತು ಕನ್ನಡದ ಒತ್ತು ಸಾಮಾನ್ಯವಾಗಿ ಅಕ್ಷರದ ಕೆಳಗೆ ಬಲಕ್ಕೆ ವಾಲಿ ನಿಲ್ಲುತ್ತದೆ. ರೂಢಿಯ ನೆರಳು ಬೀಳುವುದೂ ಅದೇ ಬಲಮೂಲೆಗೆ. ಫಾಂಟಿನಲ್ಲಿ ಒತ್ತು ಬೇರೆಯೇ ತುಂಡಾಗಿದ್ದರೆ ಅದು ಮೂಲಾಕ್ಷರದ ನೆರಳಿನ ಮೇಲೆ ಹೋಗಿ ಕೂರುತ್ತದೆ. ಎರಡರ ಬಣ್ಣವೂ ಒಂದೇ ಆದ್ದರಿಂದ ಹ್ಮ ಎಂಬುದು ಮಸಿಯ ಮುದ್ದೆಯಾಗುತ್ತದೆ. ಒತ್ತಕ್ಷರಗಳನ್ನೆಲ್ಲ ಇಡಿಯಾಗಿಯೇ ಬಿಡಿಸಿಡೋಣವೆಂದರೆ, 34 ವ್ಯಂಜನಗಳಿಗೆ 34 ಒತ್ತುಗಳಂತೆ ಲೆಕ್ಕಕ್ಕೆ 1156 ಜೋಡಿಗಳಾಗುತ್ತವೆ. ಬಳಕೆಯಲ್ಲಿಲ್ಲದವನ್ನು ಬಿಟ್ಟರೂ ಆ ಕೆಲಸಕ್ಕೆ ಕೈಹಾಕುವವರು ಕಡಿಮೆ. ಮಲಯಾಳದಲ್ಲಿ 1971ರ ಲಿಪಿ ಸುಧಾರಣೆಯ ನಂತರ ಉಕಾರ, ರಕಾರಗಳಂತಹ ಚಿಹ್ನೆಗಳು ಅಕ್ಷರದಿಂದ ಬಿಡಿಸಿಕೊಂಡು ಸಾಲಿಗೇ ಬಂದವು. ಕಾಸರಗೋಡಿನ ದ್ವಿಭಾಷಾ ಫಲಕಗಳಲ್ಲಿ ಮೇಲಿನ ಮಲಯಾಳ ಸಾಲು ಅಚ್ಚುಕಟ್ಟಾಗಿದ್ದು ನಮ್ಮ ಸಾಲು ಕಲಸಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ನೆರಳುಳ್ಳ ಫಾಂಟನ್ನು ಹುಡುಕುವ ಬದಲು ದಪ್ಪ ಫಾಂಟನ್ನು ಆರಿಸಿ ನೆರಳನ್ನು ತಾವೇ ಕೊಡುವುದು ಮೇಲು. ಉಚಿತವಾಗಿ ಸಿಗುವ ‘ಬಾಲೂ ತಮ್ಮ’ ಗುಂಡಗಿದೆ, ತುಸು ತುಂಟತನವೂ ಅದಕ್ಕಿದೆ. ಅದರ ಮಲಯಾಳ ಜೊತೆಗಾರನ ಹೆಸರು ‘ಬಾಲೂ ಚೇಟ್ಟನ್’, ಚೇಟ್ಟನ್ ಎಂದರೆ ಅಣ್ಣ. ಅಣ್ಣತಮ್ಮಂದಿರನ್ನು ಒಂದೇ ಫಲಕದಲ್ಲಿ ನಿಲ್ಲಿಸಲು ನಮ್ಮ ಜಿಲ್ಲೆಗಿಂತ ತಕ್ಕ ಜಾಗ ಬೇರೆಲ್ಲಿದೆ? ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಪದವನ್ನು ಕರ್ವ್ ಮಾಡಿ (ಅಂದರೆ ಅಕ್ಷರವನ್ನು ಬರಿಯ ಆಕಾರವಾಗಿಸಿ), ಮೂಲಾಕ್ಷರವನ್ನೂ ಒತ್ತನ್ನೂ ವೆಲ್ಡ್ ಮಾಡಿ (ಬೆಸೆದು ಒಂದಾಗಿಸಿ), ಅದರ ಒಂದು ನಕಲನ್ನು ಹಿಂದಿನ ಪದರದಲ್ಲಿ ನೆರಳಾಗಿ ಇಟ್ಟು, ನಡುವೆ ಕಾಗದದ ಬಣ್ಣದ ತೆಳುಗೆರೆಯನ್ನು ಬಿಡಿರಿ. ನೆರಳನ್ನು ಎಡಕ್ಕೆ ಎಳೆಯಿರಿ; ಒತ್ತಿನ ಮೂಲೆ ಖಾಲಿಯಾಗಿ ಉಳಿಯುತ್ತದೆ. ಕುಂಚದಿಂದ ಇಂಗ್ಲಿಷ್ ಫಲಕ ಬರೆಯುತ್ತಿದ್ದವರಲ್ಲಿಯೂ ಎಡಕ್ಕೆ ನೆರಳು ಕೊಡುವ ಪದ್ಧತಿಯಿತ್ತು.

ಪ್ರಶ್ನೆ: ಕರಪತ್ರವನ್ನು ಪೂರ್ತಿಯಾಗಿ ನೆರಳಿನ ಅಕ್ಷರದಲ್ಲಿಯೇ ಮಾಡಬಹುದೇ?
– ಓದುಗರು, ಮಂಜೇಶ್ವರ

ಉತ್ತರ: ಬೇಡ. ಪ್ರಸಂಗದ ಹೆಸರಿಗೆ ಮಾತ್ರ ಸಾಕು. ಸಣ್ಣ ಅಳತೆಯಲ್ಲಿ ಆ ತೆಳುಗೆರೆಯೊಳಗೆ ಮಸಿ ತುಂಬಿಕೊಳ್ಳುತ್ತದೆ; ಆಗ ಚೆಂಡೆಯವರ ಹೆಸರನ್ನು ಅವರ ಮನೆಯವರೂ ಓದಲಾರರು.